ಫಾರ್ಚುನರ್ ಹಿಂದಿನ ಸೀಟಿನ ಕುಲುಕಾಟ: ಸ್ಪ್ರಿಂಗ್‌ಗೆ ಕೈ ಹಾಕುವುದು ಕೊನೆಗೆ

ಪ್ರಶ್ನೆ: ನನ್ನದು 2017ರ ಫಾರ್ಚುನರ್ 4×2 ಡೀಸೆಲ್. ಸೆಕೆಂಡ್‌ಹ್ಯಾಂಡ್ ತಗೊಂಡದ್ದು, 1,20,000 ಕಿ.ಮೀ. ಓಡಿದೆ. ಮನೆ ಸಂತೆಕಟ್ಟೆಯಲ್ಲಿ. ಓಡಾಟವೆಲ್ಲ ಉಡುಪಿ–ಮಂಗಳೂರು ಹೈವೇಯಲ್ಲಿ, ಅಪರೂಪಕ್ಕೆ ಆಗುಂಬೆ ಹತ್ತಿ ತೀರ್ಥಹಳ್ಳಿಗೆ. ಮಣ್ಣಿನ ದಾರಿಗೆ ಇಳಿಯುವುದೇ ಇಲ್ಲ. ಹಿಂದೆ ಕೂತ ಅಮ್ಮನಿಗೆ ಸೊಂಟ ನೋಯುವಷ್ಟು ಗಾಡಿ ಎತ್ತಿ ಹಾಕುತ್ತದೆ. ಸೇತುವೆಯ ಜಾಯಿಂಟ್ ಬಂದಾಗ ಧಡ್ ಎನ್ನುತ್ತದೆ, ಕಾಂಕ್ರೀಟ್ ರಸ್ತೆಯಲ್ಲಿ ಒಂದೇ ಸಮನೆ ಅದುರುತ್ತದೆ, 90ರ ಮೇಲೆ ರಸ್ತೆ ತಗ್ಗಿ ಎದ್ದ ಕಡೆ ಎರಡು ಮೂರು ಸಲ ತೇಲಿದ ಹಾಗಾಗುತ್ತದೆ. ಹಿಂದಿನ ಓನರ್ 20 ಇಂಚಿನ ಅಲಾಯ್ ಹಾಕಿಸಿದ್ದಾರೆ, ಹಿಂದಿನ ಸ್ಪ್ರಿಂಗ್‌ನ ಸುತ್ತುಗಳ ನಡುವೆ ರಬ್ಬರ್ ಬಫರ್ ಉಂಟು. ಅಂಗಡಿಯವರು 2 ಇಂಚಿನ ಲಿಫ್ಟ್ ಕಿಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ಬೇಡ. ಡಾಮರು ರಸ್ತೆಯಲ್ಲೇ ಓಡುವ ಗಾಡಿಗೆ ಲಿಫ್ಟ್ ಕಿಟ್‌ನಿಂದ ನಿಮಗೆ ಬೇಕಾದದ್ದು ಒಂದೂ ಸಿಗುವುದಿಲ್ಲ. ನೀವು ಬರೆದ ಮೂರು ತೊಂದರೆಗೂ ಬೇರೆ ಬೇರೆ ಕಾರಣವಿದೆ. ಅವುಗಳಲ್ಲಿ ಯಾವುದೂ ಸ್ಪ್ರಿಂಗ್ ಗಿಡ್ಡವಾದದ್ದರಿಂದ ಬಂದದ್ದಲ್ಲ. ಈ ಗಾಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಹೊಸದನ್ನು ಸೇರಿಸುವುದಲ್ಲ, ಯಾರೋ ಸೇರಿಸಿದ್ದನ್ನು ತೆಗೆಯುವುದು. ಆಮೇಲೆ ಸವೆದದ್ದನ್ನು ಬದಲಿಸುವುದು, ಅದಾದ ಮೇಲೆ ಒಳ್ಳೆಯ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಕಟ್ಟಕಡೆಗೆ, ಅದೂ ಅಳತೆ ಹೇಳಿದರೆ ಮಾತ್ರ.

ಲಿಫ್ಟ್ ಕಿಟ್ ಯಾಕೆ ಬೇಡ ಎಂಬುದನ್ನು ಮೊದಲು ಮುಗಿಸೋಣ. ಅಂಥ ಕಿಟ್‌ಗಳ ಸ್ಪ್ರಿಂಗ್ ಸಾಮಾನ್ಯವಾಗಿ ಎತ್ತರದ ಜೊತೆಗೆ ಗಡುಸೂ ಆಗಿರುತ್ತದೆ. ಸ್ಟೀಲ್ ಬಂಪರ್, ವಿಂಚ್, ರೂಫ್ ಟೆಂಟ್ ಹೊತ್ತ ಗಾಡಿಗಾಗಿ ಮಾಡಿದ್ದು ಅದು. ಖಾಲಿ ಗಾಡಿಗೆ ಹಾಕಿದರೆ ಹೊರುವ ಭಾರವಿಲ್ಲದೆ ಹಾರುತ್ತದೆ. ಎರಡನೆಯದು, ಮುಂದಿನ ಡಬಲ್ ವಿಷ್‌ಬೋನ್ ಸಸ್ಪೆನ್ಶನ್‌ನ (ಮೇಲೊಂದು ಕೆಳಗೊಂದು ಆರ್ಮ್ ಇರುವಂಥದ್ದು) ಒಟ್ಟು ಚಲನೆ ಇಷ್ಟೇ ಎಂದು ಕಂಪನಿಯಲ್ಲೇ ತೀರ್ಮಾನವಾಗಿರುತ್ತದೆ. ಗಾಡಿಯನ್ನು 50 ಮಿ.ಮೀ. ಎತ್ತಿದರೆ ಚಕ್ರ ಕೆಳಗಿಳಿಯಲು ಇದ್ದ ಜಾಗದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಆಗ ಹಂಪ್ ದಾಟಿ ಚಕ್ರ ಇಳಿಯುವಾಗ ಶಾಕ್ ಪೂರ್ತಿ ಎಳೆದುಕೊಂಡು ಟಕ್ ಎಂದು ನಿಲ್ಲುತ್ತದೆ. ಆ ಸದ್ದನ್ನು ಕೇಳಿ ಬಾಲ್ ಜಾಯಿಂಟ್ ಹೋಗಿದೆ ಎಂದು ಅದನ್ನೂ ಬದಲಿಸಿದವರಿದ್ದಾರೆ. ಕ್ಯಾಸ್ಟರ್ ಕೋನ, ಅಂದರೆ ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು, ಕಡಿಮೆಯಾಗುವುದರಿಂದ ಹೈವೇಯಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವ ಗುಣವೂ ತಗ್ಗುತ್ತದೆ. ಇದರ ಮೇಲೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಉಂಟು. ಕಂಪನಿ ನಿಗದಿಪಡಿಸಿದ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸಬಾರದು ಎಂದು ಅದು ಹೇಳುತ್ತದೆ. ಅಪಘಾತವಾಗಿ ವಿಮೆ ಕೇಳುವ ದಿನ ಬಂದರೆ ಈ ಪ್ರಶ್ನೆ ಏಳದೆ ಇರುವುದಿಲ್ಲ.

ಈಗ ತೆಗೆಯಬೇಕಾದದ್ದು. ಹಿಂದಿನ ಸ್ಪ್ರಿಂಗ್‌ನ ರಬ್ಬರ್ ಬಫರನ್ನು ಇವತ್ತೇ ತೆಗೆಸಿ. ಕಾಸು ಖರ್ಚಿಲ್ಲದ ಕೆಲಸ. ಕಾಯಿಲ್ ಸ್ಪ್ರಿಂಗ್ ಎಷ್ಟು ಗಡುಸು ಎಂಬುದು ಅದರಲ್ಲಿ ಎಷ್ಟು ಸುತ್ತು ಕೆಲಸ ಮಾಡುತ್ತಿದೆ ಎಂಬುದರ ಮೇಲಿದೆ. ಆರು ಸುತ್ತಿನಲ್ಲಿ ಒಂದನ್ನು ಬಫರ್ ಹಾಕಿ ಕಟ್ಟಿಬಿಟ್ಟರೆ ಉಳಿದದ್ದು ಐದು, ಸ್ಪ್ರಿಂಗ್ ಅಲ್ಲಿಗೇ 20 ಶೇಕಡಾ ಗಡುಸಾಯಿತು. ಬಫರ್ ಇರುವ ಜಾಗದಲ್ಲಿ ಮರಳು, ಉಪ್ಪುನೀರು ಸಿಕ್ಕಿಕೊಂಡು ಸ್ಪ್ರಿಂಗ್‌ನ ಪೇಂಟ್ ಎದ್ದು ತುಕ್ಕು ಹಿಡಿಯುವುದು ಬೇರೆ. ತೆಗೆದ ಮೇಲೆ ಆ ಜಾಗವನ್ನು ತೊಳೆದು ಬೆರಳಿನಿಂದ ಸವರಿ ನೋಡಿ. ತುಕ್ಕಿನ ಗುಳಿ ಬಿದ್ದು ಉಗುರು ಸಿಕ್ಕಿಕೊಳ್ಳುವಂತಿದ್ದರೆ ಆ ಸ್ಪ್ರಿಂಗ್ ಮುರಿಯುವ ಸಾಧ್ಯತೆ ಇದೆ. ಆಗ ಎರಡೂ ಬದಿಯದನ್ನು ಕಂಪನಿಯ ಅಳತೆಯದ್ದೇ ಹಾಕಿ ಬದಲಿಸಿ.

20 ಇಂಚಿನ ಅಲಾಯ್ ತೆಗೆಯಬೇಕು ಎಂದರೆ ನಿಮಗೆ ಬೇಸರವಾಗಬಹುದು. ಆದರೆ ಕಾಂಕ್ರೀಟ್ ರಸ್ತೆಯ ಅದುರಾಟದ ದೊಡ್ಡ ಪಾಲು ಅದರಿಂದಲೇ ಬರುತ್ತಿದೆ. ನಿಮ್ಮ 4×2ಕ್ಕೆ ಕಂಪನಿ ಕೊಟ್ಟ ಟಯರ್ 265/65 ಆರ್17. ಅದರ ಪಕ್ಕದ ಗೋಡೆ 172 ಮಿ.ಮೀ. ಎತ್ತರ. 20 ಇಂಚಿಗೆ ಸಾಮಾನ್ಯವಾಗಿ ಹಾಕುವುದು 265/50, ಅದರ ಗೋಡೆ 132 ಮಿ.ಮೀ. ಹೊರಗಿನ ವ್ಯಾಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 775 ಮಿ.ಮೀ. ಆಸುಪಾಸು. ಹಾಗಾಗಿ ಸ್ಪೀಡೋಮೀಟರ್ ವ್ಯತ್ಯಾಸ ತೋರಿಸುವುದಿಲ್ಲ, ನೋಡಲೂ ಚೆನ್ನಾಗಿರುತ್ತದೆ. ಆದರೆ ರಸ್ತೆಯ ಅಂಚು ಬಡಿದಾಗ ಮೊದಲು ಮಡಚಿ ಕೊಡಬೇಕಾದ 40 ಮಿ.ಮೀ. ರಬ್ಬರೂ ಗಾಳಿಯೂ ಹೋಯಿತು. ಕಾಂಕ್ರೀಟ್ ಚಪ್ಪಡಿಯ ಜಾಯಿಂಟ್‌ನಂಥ ಸಣ್ಣ, ಹರಿತವಾದ ಪೆಟ್ಟನ್ನು ತಿನ್ನುವುದು ಟಯರ್. ಸ್ಪ್ರಿಂಗ್, ಶಾಕ್ ಅಲುಗಾಡಲು ಶುರುಮಾಡುವ ಮೊದಲೇ ಆ ಪೆಟ್ಟು ಮುಗಿದಿರುತ್ತದೆ. ಈ ಅಳತೆಯ 20 ಇಂಚಿನ ಟಯರ್‌ಗಳಲ್ಲಿ ಹಲವು ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಮಾದರಿಯವು. ಅದೇ ಭಾರ ಹೊರಲು ಹೆಚ್ಚು ಗಾಳಿ ಕೇಳುತ್ತವೆ, ಅಲ್ಲಿಗೆ ಇನ್ನಷ್ಟು ಗಡುಸು.

ತೂಕದ್ದೂ ಲೆಕ್ಕ ಉಂಟು. ರಿಮ್ಮೂ ಟಯರೂ ಸೇರಿದ ಒಂದು ಚಕ್ರವನ್ನು ಟಯರ್ ಅಂಗಡಿಯಲ್ಲೇ ತೂಕ ಮಾಡಿಸಿ ನೋಡಿ, 17 ಇಂಚಿನ ಚಕ್ರವನ್ನೂ ಮಾಡಿಸಿ. ಚಕ್ರದ ಭಾರ ಸ್ಪ್ರಿಂಗ್‌ನ ಕೆಳಗಿನ ಭಾರ. ಅದು ಹೆಚ್ಚಿದಷ್ಟೂ ಪೆಟ್ಟು ತಿಂದು ಎದ್ದ ಚಕ್ರವನ್ನು ರಸ್ತೆಗೆ ವಾಪಸ್ ಕೂರಿಸುವುದು ಶಾಕ್‌ಗೆ ಕಷ್ಟ. ನಿಮ್ಮ ಗಾಡಿಯ ಹಿಂದೆ ಇರುವುದು ಇಡೀ ಆಕ್ಸಲ್. ಡಿಫರೆನ್ಶಿಯಲ್, ಎರಡು ಚಕ್ರ, ಬ್ರೇಕ್ ಎಲ್ಲ ಒಟ್ಟಿಗೆ ಕುಣಿಯುವ ವ್ಯವಸ್ಥೆ ಅದು. ಅಲ್ಲಿ ಈಗಾಗಲೇ ಸ್ಪ್ರಿಂಗ್ ಕೆಳಗಿನ ಭಾರ ಜಾಸ್ತಿ. ಅದರ ಮೇಲೆ ಇನ್ನೂ ಹೇರಬಾರದು.

17 ಇಂಚಿನ ರಿಮ್ ಒಂದು ಸೆಟ್ ಹುಡುಕಿ. ಕಂಪನಿ ರಿಮ್ ತೆಗೆದು ದೊಡ್ಡದು ಹಾಕಿಸಿಕೊಳ್ಳುವವರು ಇರುವುದರಿಂದ ಹಳೆಯದಾದರೂ ಸಿಗುತ್ತದೆ. ಕೊಳ್ಳುವ ಮೊದಲು ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ಅಂಚು ಅಲುಗುತ್ತದೆಯೇ ನೋಡಿ. ರಿಪೇರಿ ಮಾಡಿ ಬೆಸುಗೆ ಹಾಕಿದ ರಿಮ್ ಬೇಡವೇ ಬೇಡ. ಟಯರ್ ಎಚ್‌ಟಿ, ಅಂದರೆ ಹೈವೇಗೆಂದು ಮಾಡಿದ ಮಾದರಿಯದ್ದಿರಲಿ. ಮಣ್ಣಿನ ದಾರಿಗೂ ಆಗುವ ಎಟಿ ಟಯರ್‌ನ ದಪ್ಪ ಗಟ್ಟೆಗಳು ಡಾಮರಿನ ಮೇಲೆ ಸದ್ದು ಮಾಡುತ್ತವೆ, ಕೆಸರಿಗೆ ಇಳಿಯದವರಿಗೆ ಅದರಿಂದ ಲಾಭವಿಲ್ಲ. ಅಳತೆಯ ಮುಂದೆ ಎಲ್‌ಟಿ ಎಂದು ಬರೆದದ್ದನ್ನು ತಗೊಳ್ಳಬೇಡಿ, ಅದು ಲಘು ಸರಕು ವಾಹನಕ್ಕಾಗಿ ಮಾಡಿದ ಗಡುಸು ಗೋಡೆಯ ಟಯರ್. ಲೋಡ್ ಇಂಡೆಕ್ಸ್ 112 ಇರಬೇಕು, ಅಂದರೆ ಒಂದು ಟಯರ್ 1,120 ಕೆ.ಜಿ. ಹೊರುತ್ತದೆ. ಗೋಡೆಯ ಮೇಲಿನ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಗಟ್ಟೆ ಉಳಿದಿದ್ದರೂ ಆರು ವರ್ಷ ದಾಟಿದ ಟಯರ್‌ನ ರಬ್ಬರ್ ಗಟ್ಟಿಯಾಗಿರುತ್ತದೆ. ಮಳೆಗಾಲದ ಹೈವೇಗೆ ಅದು ಅಪಾಯ ಕೂಡ.

ಗಾಳಿಯ ಬಗ್ಗೆ ಎರಡು ಮಾತು. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ನೋಡಿ, ಅದರಲ್ಲಿರುವುದು ತಣ್ಣಗಿನ ಟಯರಿನ ಲೆಕ್ಕ. ಎಸ್‌ಯುವಿ ಎಂದ ಕೂಡಲೇ ಬಂಕಿನಲ್ಲಿ 36, 38 ಪಿಎಸ್ಐ ತುಂಬಿಬಿಡುವ ಅಭ್ಯಾಸ ಉಂಟು. ಸ್ವಂತ ಗೇಜ್ ಇಟ್ಟುಕೊಂಡು ಬೆಳಗ್ಗೆ ಮನೆಯಲ್ಲೇ ನೋಡಿ. ಹೈವೇ ಓಡಿ ಬಂದ ಮೇಲೆ ನಾಲ್ಕು ಪಿಎಸ್ಐ ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಬಾರದು. ಸ್ಟಿಕ್ಕರ್‌ಗಿಂತ ಕೆಳಗೆ ಇಳಿಸಿ ಮೆತ್ತಗೆ ಮಾಡಿಕೊಳ್ಳುವ ಉಪಾಯವೂ ಬೇಡ, ಎರಡು ಟನ್ ದಾಟಿದ ಗಾಡಿಯ ಟಯರ್ ಬಿಸಿಯಾಗಿ ಹರಿದುಹೋಗಬಹುದು. ನೈಟ್ರೋಜನ್‌ನಿಂದ ಗಾಡಿ ಮೆತ್ತಗಾಗುವುದಿಲ್ಲ.

ಇಷ್ಟಾದ ಮೇಲೆ ಗಾಡಿಯನ್ನು ಒಂದು ವಾರ ಓಡಿಸಿ. ಅದುರಾಟ ಎಷ್ಟು ಕಡಿಮೆಯಾಯಿತು ಎಂಬುದು ನಿಮಗೇ ಗೊತ್ತಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಅದಕ್ಕೆ ಕಾರಣ ರಸ್ತೆಯಲ್ಲೂ ಇದೆ. ಕಾಂಕ್ರೀಟ್ ರಸ್ತೆಯ ಚಪ್ಪಡಿಗಳ ಜಾಯಿಂಟ್ ಸಾಮಾನ್ಯವಾಗಿ 4.5 ಮೀಟರ್‌ಗೆ ಒಂದು. 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಪೆಟ್ಟು, 80ರಲ್ಲಿ ಸುಮಾರು ಐದು. ಕೂತ ಮನುಷ್ಯನ ಬೆನ್ನಿಗೂ ಹೊಟ್ಟೆಗೂ ಅತಿ ಹೆಚ್ಚು ತಾಗುವ ಮೇಲೆ-ಕೆಳಗಿನ ಕಂಪನ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ್ದು. ಅಂದರೆ ಅಂಥ ರಸ್ತೆಯಲ್ಲಿ 65 ದಾಟಿದ ಕೂಡಲೇ ಆ ವ್ಯಾಪ್ತಿಗೆ ಕಾಲಿಡುತ್ತೀರಿ. ಅಮ್ಮ ಜೊತೆಗಿದ್ದಾಗ 50–55ರಲ್ಲಿ ಹೋದರೆ ಯಾವ ಪಾರ್ಟೂ ಕೊಡದ ಆರಾಮ ಸಿಗುತ್ತದೆ. ಅವರನ್ನು ಮೂರನೇ ಸಾಲಿನಲ್ಲಿ ಕೂರಿಸಬೇಡಿ, ಅದು ಹಿಂದಿನ ಆಕ್ಸಲ್ ಪಕ್ಕದಲ್ಲೇ ಇದೆ. ಎರಡು ಆಕ್ಸಲ್‌ಗಳ ನಡುವಿನ ಜಾಗದಲ್ಲಿ, ಅಂದರೆ ಮುಂದಿನ ಸೀಟಿನಲ್ಲಿ ಅಥವಾ ಎರಡನೇ ಸಾಲಿನಲ್ಲಿ ಕೂತವರಿಗೆ ಎತ್ತಿ ಹಾಕುವುದು ಕಡಿಮೆ.

ಮುಂದಿನದು ಸೇತುವೆಯ ಧಡ್ ಸದ್ದು. ಉದ್ಯಾವರ, ಮೂಲ್ಕಿಯಲ್ಲಿ ಶಾಂಭವಿ, ಕೂಳೂರು: ಹೆದ್ದಾರಿ 66ರ ನಿಮ್ಮ ದಾರಿಯಲ್ಲಿ ಸೇತುವೆಗಳಿಗೆ ಬರವಿಲ್ಲ. ಇಂಥ ಸೇತುವೆಗಳಿಗೆ ಎಕ್ಸ್‌ಪಾನ್ಶನ್ ಜಾಯಿಂಟ್ (ಬಿಸಿಲಿಗೆ ಹಿಗ್ಗಲು ಬಿಟ್ಟ ಸಂದು) ಇರುತ್ತದೆ, ಸೇತುವೆ ಮುಟ್ಟುವ ಕಡೆ ಮಣ್ಣು ಕುಸಿದು ರಸ್ತೆ ತಗ್ಗಿರುವುದೂ ಉಂಟು. ಒಳ್ಳೆಯ ಸ್ಥಿತಿಯ ಗಾಡಿಯಲ್ಲಿ ಅಲ್ಲಿ ಕೇಳಬೇಕಾದದ್ದು ಮಂದವಾದ ಒಂದು ದಪ್ ಮಾತ್ರ. ಲೋಹಕ್ಕೆ ಲೋಹ ಬಡಿದ ಹಾಗೆ ಕೇಳಿದರೆ ನೋಡಬೇಕಾದದ್ದು ನಾಲ್ಕು ಜಾಗ: ಬುಶ್ (ಆರ್ಮ್‌ಗಳ ತುದಿಯ ರಬ್ಬರ್ ಜಾಯಿಂಟ್), ಬಂಪ್ ಸ್ಟಾಪ್, ಶಾಕ್‌ನ ಮೇಲಿನ ಮೌಂಟ್, ಸ್ಟೆಬಿಲೈಸರ್ ಲಿಂಕ್ ರಾಡ್ (ಗಾಡಿ ವಾಲುವುದನ್ನು ತಡೆಯುವ ಬಾರ್‌ನ ಕೊಂಡಿ).

ಲಿಂಕ್ ರಾಡ್‌ನಿಂದ ಶುರುಮಾಡಿ, ಅದು ಕಡಿಮೆ ಬೆಲೆಯದ್ದು, ಬದಲಿಸುವುದೂ ಸುಲಭ. ಚಕ್ರ ನೆಲದ ಮೇಲಿರುವಾಗಲೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಜಾಯಿಂಟಿನಲ್ಲಿ ಪ್ಲೇ ಇದ್ದರೆ ಬೆರಳಿಗೇ ತಿಳಿಯುತ್ತದೆ. ಬಂಪ್ ಸ್ಟಾಪ್ ಎಂದರೆ ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ಚಾಸಿಗೂ ಆಕ್ಸಲ್‌ಗೂ ನಡುವೆ ಸಿಗುವ ರಬ್ಬರ್ ಗುಬ್ಬಿ. ಒಡೆದೋ ಉದುರಿಯೋ ಹೋಗಿದ್ದರೆ ಭಾರ ತುಂಬಿದ ದಿನ ಧಡ್ ಎನ್ನದೆ ಇರುತ್ತದೆಯೇ? ಮುಂದಿನ ಚಕ್ರ ಎತ್ತಿ, ಚಕ್ರವನ್ನು ಚಾಸಿಗೆ ಹಿಡಿದಿಡುವ ಲೋವರ್ ಆರ್ಮ್‌ಗೆ ಪ್ರೈ ಬಾರ್ (ಮೀಟುಗೋಲು) ಕೊಟ್ಟು ನಿಧಾನವಾಗಿ ಮೀಟಿ. ಬುಶ್ ಒಳಗಿನ ಕಬ್ಬಿಣದ ಕೊಳವೆ ರಬ್ಬರ್‌ನಿಂದ ಬಿಟ್ಟು ಬೇರೆಯಾಗಿ ಆಡಿದರೆ, ರಬ್ಬರ್‌ನಲ್ಲಿ ಸುತ್ತ ಬಿರುಕು ಕಂಡರೆ, ಅದು ಮುಗಿಯಿತು. ಹಿಂದೆ ನಾಲ್ಕು ಕಂಟ್ರೋಲ್ ಆರ್ಮ್, ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್. ಪ್ರತಿಯೊಂದರ ಎರಡೂ ತುದಿಯಲ್ಲಿ ಬುಶ್. ಹೈವೇಯಲ್ಲಿ ಗಾಳಿ ಹೊಡೆದಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ಜರುಗಿದ ಹಾಗನ್ನಿಸಿದರೆ ಲ್ಯಾಟರಲ್ ರಾಡ್‌ನ ಬುಶ್ ಮೊದಲು ನೋಡಿ. ಇನ್ನೊಂದು ಜಾಗವನ್ನು ಹಲವರು ನೋಡುವುದೇ ಇಲ್ಲ. ಇದು ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ, ನಡುವೆ ಬಾಡಿ ಮೌಂಟ್ ರಬ್ಬರ್‌ಗಳಿವೆ. ಕರಾವಳಿಯ ಉಪ್ಪಿಗೆ ಅವುಗಳ ವಾಷರ್ ತುಕ್ಕು ಹಿಡಿದು ರಬ್ಬರ್ ಸಡಿಲಾದರೆ ಇಡೀ ಬಾಡಿ ಸಣ್ಣಗೆ ನಡುಗುತ್ತದೆ, ಅದನ್ನು ಯಾವ ಶಾಕೂ ನಿಲ್ಲಿಸುವುದಿಲ್ಲ.

ಬುಶ್ ಬದಲಿಸುವಾಗ ಕಂಪನಿಯ ರಬ್ಬರ್ ಬುಶ್‌ ಹಾಕಿ. ಪಾಲಿಯುರೆಥೇನ್ ಬುಶ್ ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ಸುಳ್ಳಲ್ಲ, ಆದರೆ ರಸ್ತೆಯ ಸಣ್ಣ ಕಂಪನವನ್ನೆಲ್ಲ ಚಾಸಿಗೆ ದಾಟಿಸುತ್ತದೆ, ಗ್ರೀಸ್ ಒಣಗಿದರೆ ಕಿರ್ ಎನ್ನುತ್ತದೆ. ನಿಮ್ಮ ಉದ್ದೇಶಕ್ಕೆ ಅದು ತಪ್ಪು ಆಯ್ಕೆ.

ಇಲ್ಲಿ ಒಂದು ಕೆಲಸವನ್ನು ನೀವು ಎದುರಿಗೆ ನಿಂತು ಮಾಡಿಸಬೇಕು. ಹೊಸ ಬುಶ್ ಹಾಕಿದ ಆರ್ಮ್‌ನ ಬೋಲ್ಟನ್ನು ಗಾಡಿ ಲಿಫ್ಟ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಈ ಬುಶ್ ಬೇರಿಂಗ್‌ನಂತೆ ತಿರುಗುವುದಿಲ್ಲ. ಒಳಗಿನ ಕೊಳವೆ ಬೋಲ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನದು ಆರ್ಮ್‌ಗೆ, ನಡುವೆ ಅಂಟಿಸಿದ ರಬ್ಬರ್ ತಿರುಚಿಕೊಂಡು ಚಲನೆ ಕೊಡುತ್ತದೆ. ಚಕ್ರ ಜೋತುಬಿದ್ದಾಗ ಬಿಗಿದರೆ ಆ ಸ್ಥಿತಿಯೇ ರಬ್ಬರ್‌ಗೆ ನೆಟ್ಟಗಿನ ಸ್ಥಿತಿ ಎಂದಾಗುತ್ತದೆ. ಗಾಡಿ ಕೆಳಗಿಳಿದು ತನ್ನ ಎತ್ತರಕ್ಕೆ ಬಂದ ಕೂಡಲೇ ಪ್ರತಿ ಬುಶ್ಶೂ ತಿರುಚಿಕೊಂಡು ನಿಲ್ಲುತ್ತದೆ. ಅದು ಹೆಚ್ಚುವರಿ ಸ್ಪ್ರಿಂಗ್ ಥರ ಕೆಲಸ ಮಾಡಿ ರೈಡ್ ಗಡುಸಾಗುತ್ತದೆ, ಗಾಡಿ ಒಂದಿಷ್ಟು ಎತ್ತರವೂ ನಿಲ್ಲುತ್ತದೆ. ಆಮೇಲೆ ಒಂದು ದೊಡ್ಡ ಹೊಂಡಕ್ಕೆ ಇಳಿದಾಗ ರಬ್ಬರ್ ತನ್ನ ಮಿತಿ ದಾಟಿ ಹರಿಯುತ್ತದೆ. ಹೊಸ ಬುಶ್ ಆರು ತಿಂಗಳಲ್ಲಿ ಹೋಯಿತು, ಪಾರ್ಟೇ ಡೂಪ್ಲಿಕೇಟ್ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ತಪ್ಪು.

ಸರಿಯಾದ ಕ್ರಮ ಹೀಗೆ. ಮೊದಲು ಲೋವರ್ ಆರ್ಮ್‌ನ ಕ್ಯಾಮ್ ಬೋಲ್ಟ್ ಯಾವ ಗೆರೆಯಲ್ಲಿ ನಿಂತಿದೆ ಎಂದು ಪೇಂಟ್‌ನಿಂದ ಗುರುತು ಹಾಕಬೇಕು, ಕ್ಯಾಂಬರ್ (ಚಕ್ರ ಒಳಕ್ಕೆ-ಹೊರಕ್ಕೆ ವಾಲುವ ಕೋನ) ಮತ್ತು ಕ್ಯಾಸ್ಟರ್ ಹೊಂದಿಸುವುದು ಆ ಬೋಲ್ಟ್‌ನಿಂದಲೇ. ಬುಶ್ ಪ್ರೆಸ್ ಮಾಡಿ ಆರ್ಮ್ ಕೂರಿಸಿ, ನಟ್ಟು ಕೈಬಿಗಿಯಷ್ಟೇ ಮಾಡಿ. ಚಕ್ರ ಹಾಕಿ ಗಾಡಿ ಇಳಿಸಿ, ಮುಂದೆ ಹಿಂದೆ ಒಂದೆರಡು ಮೀಟರ್ ಸರಿಸಿ, ಬಂಪರ್ ಒತ್ತಿ ನಾಲ್ಕೈದು ಸಲ ಕುಲುಕಿಸಿ. ಈಗ ಪಿಟ್‌ನಲ್ಲಿ ಅಥವಾ ನಾಲ್ಕೂ ಚಕ್ರ ಕೂರುವ ಲಿಫ್ಟ್ ಮೇಲೆ, ಭಾರ ಚಕ್ರಗಳ ಮೇಲಿರುವಾಗಲೇ, ಸರ್ವಿಸ್ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಹಿಂದಿನ ಆರ್ಮ್‌ಗಳಿಗೂ ಲ್ಯಾಟರಲ್ ರಾಡ್‌ಗೂ ಇದೇ ನಿಯಮ.

ನಮ್ಮ ಕಡೆ ಇನ್ನೊಂದು ತಾಪತ್ರಯ, ಕ್ಯಾಮ್ ಬೋಲ್ಟ್ ಬುಶ್‌ನ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿಡಲು ಹೇಳಿ. ಆದರೂ ಬಾರದಿದ್ದರೆ ಬೋಲ್ಟ್ ಕತ್ತರಿಸಬೇಕಾಗುತ್ತದೆ. ಹಾಗಾಗಿ ಹೊಸ ಕ್ಯಾಮ್ ಬೋಲ್ಟ್ ಮೊದಲೇ ತರಿಸಿಡಿ, ಇಲ್ಲವಾದರೆ ಗಾಡಿ ಮೂರು ದಿನ ಗ್ಯಾರೇಜಿನಲ್ಲೇ ನಿಲ್ಲುತ್ತದೆ. ಹೊಸದನ್ನು ಹಾಕುವಾಗ ನಡುವಿನ ನುಣುಪಾದ ಭಾಗಕ್ಕೆ ಮಾತ್ರ ತೆಳ್ಳಗೆ ಆಂಟಿಸೀಜ್ (ತುಕ್ಕಿಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ. ಬೋಲ್ಟ್‌ನ ಥ್ರೆಡ್‌ಗೆ ತಾಗಿದರೆ ಟಾರ್ಕ್ (ಬಿಗಿಯುವ ಬಲ) ಲೆಕ್ಕ ತಪ್ಪುತ್ತದೆ.

ಈಗ ಶಾಕ್. 90ರ ಮೇಲೆ ಎರಡು ಮೂರು ಸಲ ತೇಲುವುದು ಶಾಕ್ ಸೋತದ್ದರ ಲಕ್ಷಣವೇ. ಮೂಲದ ಶಾಕೇ 1,20,000 ಕಿ.ಮೀ. ಓಡಿದ್ದರೆ ಸೋತಿರುವುದರಲ್ಲಿ ಆಶ್ಚರ್ಯವಿಲ್ಲ. ರಸ್ತೆ ತಗ್ಗಿ ಎದ್ದ ಮೇಲೆ ಬಾಡಿ ಒಮ್ಮೆ ಕೂತು, ಎದ್ದು, ನಿಂತುಬಿಡಬೇಕು. ಬಾನೆಟ್ ಒತ್ತಿ ಬಿಡುವ ಹಳೇ ಪರೀಕ್ಷೆಯಿಂದ ಇಷ್ಟು ಭಾರದ ಗಾಡಿಯಲ್ಲಿ ಏನೂ ತಿಳಿಯುವುದಿಲ್ಲ. ಬದಲಿಗೆ ಹತ್ತು ಹದಿನೈದು ಕಿ.ಮೀ. ಏರುಪೇರಿನ ರಸ್ತೆಯಲ್ಲಿ ಓಡಿಸಿ ಬಂದು ತಕ್ಷಣ ನಾಲ್ಕೂ ಶಾಕ್‌ನ ಬಿಸಿ ನೋಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಶಾಕ್‌ನ ಕೆಲಸ ಕುಲುಕಾಟವನ್ನು ಶಾಖವಾಗಿಸುವುದು. ಒಂದೇ ಆಕ್ಸಲ್‌ನ ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿನದು ಕೆಲಸ ಬಿಟ್ಟಿದೆ. ಶಾಕ್‌ನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಪರೀಕ್ಷೆಯೇ ಬೇಡ. ಹಳೆ ಟಯರ್ ಬಿಚ್ಚುವ ಮೊದಲು ಅದರ ಮೇಲ್ಮೈಯಲ್ಲಿ ಅಂಗೈ ಸವರಿ ನೋಡಿ, ಏರುತಗ್ಗು ಅಲೆಯಂತೆ ಸಿಕ್ಕಿದರೆ ಆ ಚಕ್ರ ರಸ್ತೆ ಮೇಲೆ ಕುಣಿಯುತ್ತಾ ಓಡಿದೆ ಎಂದರ್ಥ.

ಯಾವ ಶಾಕ್ ಹಾಕಬೇಕು ಎನ್ನುವಲ್ಲಿ ಅಭಿಪ್ರಾಯ ಬೇರೆ ಬೇರೆ ಇದೆ, ನಮ್ಮದು ಹೀಗೆ. ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಗ್ಯಾಸ್ ಶಾಕ್‌ನಲ್ಲಿ ಒಳಗಿನ ಗ್ಯಾಸ್ ಒತ್ತಡ ಕಡಿಮೆ, ಸಣ್ಣ ಪೆಟ್ಟಿಗೆ ಮೆತ್ತಗೆ ಬಿಟ್ಟುಕೊಡುತ್ತದೆ. ಒಂದೇ ಕೊಳವೆಯ ಮೊನೊ ಟ್ಯೂಬ್‌ನಲ್ಲಿ ಒತ್ತಡ 20 ಬಾರ್ ಆಸುಪಾಸು ಇರುತ್ತದೆ, ಪಿಸ್ಟನ್ ದೊಡ್ಡದು, ಶಾಖ ಬೇಗ ಹೊರಹೋಗುತ್ತದೆ. ಆಗುಂಬೆಯ ತಿರುವುಗಳಲ್ಲೂ ಹೈವೇಯ ವೇಗದಲ್ಲೂ ಬಾಡಿಯನ್ನು ಹಿಡಿದಿಡುತ್ತದೆ, ಆದರೆ ಹಲವು ಮೊನೊ ಟ್ಯೂಬ್‌ಗಳ ವಾಲ್ವ್ ಮೊದಲ ಕೆಲವು ಮಿಲಿಮೀಟರ್ ಚಲನೆಯಲ್ಲೇ ಗಟ್ಟಿ ನಿಲ್ಲುವ ಹಾಗೆ ಮಾಡಿರುತ್ತಾರೆ. ನೀವು ನಿಧಾನವಾಗಿ, ಅಮ್ಮನನ್ನು ಕೂರಿಸಿಕೊಂಡು ಓಡಿಸುವವರಾದರೆ ಟೊಯೊಟಾದ್ದೇ ಶಾಕ್ ಅಥವಾ ಕೆವೈಬಿಯಂಥ ಕಂಪನಿ ಮಟ್ಟದ ಟ್ವಿನ್ ಟ್ಯೂಬ್ ಸಾಕು. ತೇಲುವುದೇ ದೊಡ್ಡ ತೊಂದರೆ, ಸಾಮಾನ್ಯವಾಗಿ 90–100ರಲ್ಲಿ ಓಡಿಸುತ್ತೀರಿ ಎಂದಾದರೆ ಬಿಲ್‌ಸ್ಟೈನ್ ಬಿ6ರಂಥ ಮೊನೊ ಟ್ಯೂಬ್. ಹಾಕಿದ ಮೇಲೆ ಊರೊಳಗಿನ ಹೊಂಡಗಳಲ್ಲಿ ಸ್ವಲ್ಪ ಗಡುಸೆನಿಸುವುದನ್ನು ಒಪ್ಪಿಕೊಳ್ಳಬೇಕು. ಬೆಲೆ ಹೆಚ್ಚಾದಷ್ಟೂ ಮೆದು ಎಂಬ ಲೆಕ್ಕ ಶಾಕ್‌ನಲ್ಲಿ ನಡೆಯುವುದಿಲ್ಲ. ಯಾವುದನ್ನೇ ತಗೊಂಡರೂ ಮೂಲ ಎತ್ತರದ್ದು ಎಂದು ಖಚಿತಪಡಿಸಿಕೊಳ್ಳಿ. ಲಿಫ್ಟ್ ಮಾಡಿದ ಗಾಡಿಯ ಉದ್ದದ ಶಾಕ್ ಹಾಕಿದರೆ ಸಸ್ಪೆನ್ಶನ್ ಪೂರ್ತಿ ಕುಗ್ಗುವಾಗ ಬಂಪ್ ಸ್ಟಾಪ್ ಸಿಗುವ ಮೊದಲೇ ಶಾಕ್ ತಳ ಮುಟ್ಟಿ ಒಡೆಯುತ್ತದೆ. ನಾಬ್ ತಿರುಗಿಸಿ ಬಿಗಿ ಬದಲಿಸುವ ಶಾಕ್ ಆದರೆ ಅತಿ ಮೆದುವಿನಿಂದ ಶುರುಮಾಡಿ ಎರಡೆರಡು ಕ್ಲಿಕ್ ಏರಿಸಿ. ಮುಂದಿನ ಶಾಕ್‌ನ ಕ್ಲಿಕ್ಕನ್ನೂ ಹಿಂದಿನದರದ್ದನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಹಾಕುವ ಕೆಲಸ. ಒಂದು ಆಕ್ಸಲ್‌ಗೆ ಯಾವಾಗಲೂ ಜೋಡಿ, ನಿಮಗೆ ನಾಲ್ಕೂ ಬೇಕು. ಟ್ವಿನ್ ಟ್ಯೂಬ್ ಶಾಕ್ ಅಡ್ಡ ಮಲಗಿಸಿಟ್ಟಿದ್ದರೆ ಗ್ಯಾಸ್ ಒಳಗಿನ ಕೊಳವೆಗೆ ಸೇರಿರುತ್ತದೆ. ನೆಟ್ಟಗೆ ಹಿಡಿದು ಪೂರ್ತಿ ಒತ್ತಿ ಪೂರ್ತಿ ಎಳೆದು ನಾಲ್ಕೈದು ಸಲ ಮಾಡಿದರೆ ಆ ಪೊಳ್ಳು ಚಲನೆ ಹೋಗುತ್ತದೆ, ಆಮೇಲೆ ಮತ್ತೆ ಮಲಗಿಸದೆ ಹಾಕಬೇಕು. ಮುಂದೆ ಶಾಕ್ ಮೇಲೆಯೇ ಸ್ಪ್ರಿಂಗ್ ಕೂತಿದೆ, ಅದನ್ನು ಬಿಚ್ಚಲು ಗೋಡೆಗೆ ಅಥವಾ ಸ್ಟ್ಯಾಂಡಿಗೆ ಬಿಗಿದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜೇ ಆಗಬೇಕು. ಎರಡು ಕೊಕ್ಕೆ ಹಾಕಿ ಬಿಚ್ಚುವ ಸಾಹಸದಲ್ಲಿ ಜೀವ ಹೋಗುವಷ್ಟು ಬಲ ಆ ಸ್ಪ್ರಿಂಗ್‌ನಲ್ಲಿ ತುಂಬಿರುತ್ತದೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಾಕಲು ಬಿಡಬೇಡಿ, ರಾಡ್ ಗಿರ್ರನೆ ತಿರುಗಿ ಒಳಗಿನ ಪಿಸ್ಟನ್ ನಟ್ಟು ಸಡಿಲಾಗುತ್ತದೆ. ರಾಡ್ ತಿರುಗದಿರಲೆಂದು ಇಕ್ಕಳದಲ್ಲಿ ಹಿಡಿಯುವುದು ಅದಕ್ಕಿಂತ ಕೆಟ್ಟದ್ದು. ಆ ಹೊಳೆಯುವ ರಾಡ್ ಮೇಲಿನ ಒಂದು ಗೀರು ಸೀಲನ್ನು ಕೊಯ್ಯುತ್ತದೆ, ಒಂದೇ ಮಳೆಗಾಲದಲ್ಲಿ ಎಣ್ಣೆ ಹೊರಗೆ. ಮೇಲಿನ ಮೌಂಟ್ ರಬ್ಬರ್, ಡಸ್ಟ್ ಕವರ್, ಶಾಕ್ ರಾಡ್ ಮೇಲಿನ ಬಂಪ್ ಸ್ಟಾಪ್ ಹೊಸತೇ ಹಾಕಿ, ಕೂಲಿ ಹೇಗೂ ಅದೇ.

ಸ್ಟೆಬಿಲೈಸರ್ ಬಾರ್ ದಪ್ಪದ್ದು ಹಾಕಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ನಿಜ. ಆದರೆ ಒಂದೇ ಬದಿಯ ಚಕ್ರ ಹೊಂಡಕ್ಕೆ ಬಿದ್ದಾಗ ಇಡೀ ಗಾಡಿ ಪಕ್ಕಕ್ಕೆ ಎಸೆದು ತಲೆ ಕಿಟಕಿಗೆ ತಾಗುತ್ತದೆ.

ಸ್ಪ್ರಿಂಗ್ ಬದಲಿಸಬೇಕೋ ಬೇಡವೋ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಬಫರ್ ತೆಗೆದ ಮೇಲೆ, ಬುಶ್‌ಗಳನ್ನು ಸರಿಯಾಗಿ ಬಿಗಿದ ಮೇಲೆ, ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ನೇರಕ್ಕೆ ನಾಲ್ಕೂ ಕಡೆ ಅಳೆಯಿರಿ. ಎಡಬಲದ ವ್ಯತ್ಯಾಸ 10–12 ಮಿ.ಮೀ. ದಾಟಿದರೆ ಒಂದು ಸ್ಪ್ರಿಂಗ್ ಕೂತಿರಬಹುದು. ಐದು ಜನ ಕೂತು ಲಗೇಜ್ ಹಾಕಿದಾಗ ಹಿಂದಿನ ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ನಡುವೆ ಒಳ್ಳೆಯ ಅಂತರ ಉಳಿದಿದ್ದರೆ ಸ್ಪ್ರಿಂಗ್ ಮುಟ್ಟಬೇಡಿ. ಬದಲಿಸಲೇಬೇಕಾದರೆ ಕಂಪನಿಯದ್ದು, ಅಥವಾ ಹೊರಗಿನ ಬ್ರ್ಯಾಂಡ್‌ನಲ್ಲಿ ಹೆಚ್ಚುವರಿ ಭಾರವಿಲ್ಲದ ಗಾಡಿಗೆಂದು ಪಟ್ಟಿಮಾಡಿದ್ದು.

ಮುಂದೆ ಮಾತ್ರ ಗಡುಸು ಸ್ಪ್ರಿಂಗ್ ಹಾಕಿ ಗಾಡಿಯ ಮುಖ ಎತ್ತಿಸುವ ಫ್ಯಾಶನ್ ಬಗ್ಗೆಯೂ ಹೇಳಬೇಕು. ಆರಾಮದ ಗಾಡಿಯಲ್ಲಿ ಬಾಡಿ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಏರಿಳಿಯುವಂತೆ ಸ್ಪ್ರಿಂಗ್ ಇಟ್ಟಿರುತ್ತಾರೆ, ಅದರಲ್ಲೂ ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ಬೇಗ. ನಿಮ್ಮ ಗಾಡಿಯ ಎರಡು ಆಕ್ಸಲ್‌ಗಳ ನಡುವಿನ ದೂರ 2,745 ಮಿ.ಮೀ. 80ರಲ್ಲಿ ಮುಂದಿನ ಚಕ್ರ ಜಾಯಿಂಟ್ ಹತ್ತಿದ 0.12 ಸೆಕೆಂಡಿಗೆ ಹಿಂದಿನದು ಹತ್ತುತ್ತದೆ. ತಡವಾಗಿ ಶುರುವಾದ ಹಿಂಭಾಗ ಬೇಗ ಆಡಿ ಮುಂಭಾಗವನ್ನು ಹಿಡಿದುಕೊಂಡರೆ ಎರಡೂ ಒಟ್ಟಿಗೆ ಏರಿಳಿದು ಗಾಡಿ ಮಟ್ಟವಾಗಿ ಉಳಿಯುತ್ತದೆ. ಮಾರಿಸ್ ಆಲಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು. ಮುಂದಿನ ಸ್ಪ್ರಿಂಗ್ ಗಡುಸು ಮಾಡಿದರೆ ಈ ಹೊಂದಾಣಿಕೆ ತಲೆಕೆಳಗಾಗಿ ಮೂಗು-ಬಾಲ ಒಂದಾದಮೇಲೊಂದು ಏಳುತ್ತವೆ.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಮುಂಚಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ. ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಸರಿಮಾಡಿ ಕಳಿಸುವುದುಂಟು, ಕ್ಯಾಸ್ಟರ್ ಎಡಬಲ ಅರ್ಧ ಡಿಗ್ರಿಗಿಂತ ಹೆಚ್ಚು ಬೇರೆಯಾಗಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. 80–100ರ ನಡುವೆ ಮಾತ್ರ ಸ್ಟಿಯರಿಂಗ್ ನಡುಗಿದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್‌ನದ್ದು ಅಥವಾ ಬಾಗಿದ ರಿಮ್ಮಿನದ್ದು, ಅದಕ್ಕೆ ಸಸ್ಪೆನ್ಶನ್ ಬಿಚ್ಚಿಸಬೇಡಿ.

ಪ್ರತಿ ಹಂತದ ಮೊದಲೂ ನಂತರವೂ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ, ಒಂದೇ ಗಾಳಿಯಲ್ಲಿ ಓಡಿಸಿ ನೋಡಿ. ನಿಮಗೆ ಸಂತೆಕಟ್ಟೆಯಿಂದ ಕಲ್ಯಾಣಪುರದ ಸೇತುವೆ ದಾಟಿ ಬ್ರಹ್ಮಾವರದವರೆಗಿನ ದಾರಿ ಸಾಕು. ಮೊಬೈಲಿನ ಕಂಪನ ಅಳೆಯುವ ಆ್ಯಪ್ ಹಾಕಿ, ಫೋನನ್ನು ಹಿಂದಿನ ಸೀಟಿನ ಬುಡದಲ್ಲಿ ನೆಲಕ್ಕೆ ಟೇಪ್ ಹಚ್ಚಿ ಇಡಿ. ಹಣ ಒಟ್ಟಿಗೆ ಹೊಂದಿಸಲಾಗದಿದ್ದರೆ ಈಗ ಚಕ್ರ ಮತ್ತು ಟಯರ್, ಮಳೆಗಾಲಕ್ಕೆ ಮುಂಚೆ ಬುಶ್, ಆಮೇಲೆ ನಾಲ್ಕು ಶಾಕ್. ಸವೆದ ಬುಶ್ ಇಟ್ಟುಕೊಂಡು ಹೊಸ ಶಾಕ್ ಹಾಕಿದರೆ ಸದ್ದು ಮೊದಲಿಗಿಂತ ಹೆಚ್ಚು ಕೇಳಿಸಬಹುದು, ಆದ್ದರಿಂದ ಆ ಕ್ರಮವನ್ನು ತಿರುಗಿಸಬೇಡಿ.

ಕೊನೆಯದಾಗಿ ಇದನ್ನೆಲ್ಲ ಉಳಿಸಿಕೊಳ್ಳುವ ಬಗೆ. ವಾಟರ್ ಸರ್ವಿಸ್‌ನಲ್ಲಿ ಕೆಳಗೆ ಡೀಸೆಲ್ ಅಥವಾ ಹಳೆ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿ ಉಂಟಲ್ಲ, ಅದನ್ನು ಖಡಾಖಂಡಿತ ಬೇಡವೆನ್ನಿ. ಎಣ್ಣೆ ಬಿದ್ದ ಬುಶ್ ರಬ್ಬರ್ ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟ್ ಬಳಿದರೆ ಒಳಗೆ ತೇವ ಸಿಕ್ಕಿಕೊಂಡು ತುಕ್ಕು ಇನ್ನೂ ಬೇಗ ಹರಡುತ್ತದೆ, ಮೊದಲು ಕೆರೆದು ಒಣಗಿಸಿ ಪ್ರೈಮರ್ ಹಾಕಬೇಕು. ಮಲ್ಪೆ, ಪಣಂಬೂರು ಬೀಚ್ ಕಡೆ ಹೋಗಿ ಬಂದ ದಿನ ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಆರ್ಮ್‌ಗಳ ಒಳಭಾಗ, ಚಾಸಿಯ ತೂತುಗಳಿಗೆ ಸಿಹಿನೀರು ಧಾರಾಳವಾಗಿ ಬಿಟ್ಟು ಮರಳು ಇಳಿಸಿ. ಪ್ರೆಶರ್ ವಾಷರ್‌ನ ಮೂತಿಯನ್ನು ಬಾಲ್ ಜಾಯಿಂಟ್‌ನ ರಬ್ಬರ್ ಬೂಟಿಗೂ ಶಾಕ್‌ನ ಸೀಲಿಗೂ ನೇರ ಹಿಡಿಯಬೇಡಿ. ಹೊಸ ಪಾರ್ಟ್ ಹಾಕಿ ಸಾವಿರ ಕಿ.ಮೀ. ಆದ ಮೇಲೆ ಒಮ್ಮೆ ಎಲ್ಲ ಬೋಲ್ಟ್‌ಗಳ ಟಾರ್ಕ್ ಮರುಪರೀಕ್ಷೆ ಮಾಡಿಸಿ, ಅಲೈನ್‌ಮೆಂಟ್ ಪ್ರಿಂಟ್ ಹೊಸದಾಗಿ ತೆಗೆಸಿ ಹಳೆಯದರ ಜೊತೆ ಹೋಲಿಸಿ. ಅಂಕಿಗಳು ಸರಿದಿದ್ದರೆ ಕ್ಯಾಮ್ ಬೋಲ್ಟ್ ಬಿಗಿಯಾಗಿಲ್ಲ ಎಂದೇ ತಿಳಿದು ಅದೇ ಗ್ಯಾರೇಜಿಗೆ ವಾಪಸ್ ಒಯ್ಯಿರಿ.